ಹಿರಿಯೂರಿನ ಬಳಿ ಸಿಕ್ಕ ಅಣ್ಣನಿಗೆ

ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಿರಿಯೂರು ದಾಟಿದ ಮೇಲೆ ನನ್ನ ಲಾರಿ ಎಡಕ್ಕೆ ಎಳೆಯತೊಡಗಿತು. ಮುಂದಿನ ಎಡಗಾಲಿಯಿಂದ ಸುಟ್ಟ ವಾಸನೆ. ಹಿಂದಿನ ದಿನವಷ್ಟೇ ಹಾಕಿಸಿದ್ದ ಹೊಸ ಬೇರಿಂಗ್ ಹೋಯಿತೆಂದು ತಲೆಯ ಮೇಲೆ ಕೈಹೊತ್ತು ಕುಳಿತಿದ್ದೆ. ನಿಮ್ಮ ಲಾರಿ ನಿಲ್ಲಿಸಿ ಬಂದ ನೀವು ಬ್ರೇಕ್ ಡ್ರಮ್ಮಿಗೆ ನಾಲ್ಕು ಹನಿ ನೀರು ಚಿಮುಕಿಸಿದಿರಿ, ಚುರ್ರೆಂದಿತು. ಗಾಲಿಯ ನಡುವೆ ಬೇರಿಂಗ್ ಕೂರುವ ಹಬ್ ಮಾತ್ರ ಬೆಚ್ಚಗಿತ್ತಷ್ಟೆ. "ಬೇರಿಂಗ್ ಅಲ್ಲ, ಬ್ರೇಕ್ ಹಿಡಿದುಕೊಂಡಿದೆ" ಎಂದಿರಿ. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ ತಿರುಗಿಸಿದರೆ ಗಾಲಿ ಅಲುಗಲೇ ಇಲ್ಲ. ಬೇರಿಂಗ್ ಹಾಕಿ ಡ್ರಮ್ ಕೂರಿಸಿದವರು ಬ್ರೇಕಿನ ಬಿಗಿ ಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರ್ ಪೂರ್ತಿ ಬಿಗಿದು, ಅರ್ಧ ಸುತ್ತು ಹಿಂದಕ್ಕೆ ತಿರುಗಿಸುವುದನ್ನು ಮರೆತಿದ್ದರು. (ಮಜೂರಿ ಮಾತ್ರ ಮರೆತಿರಲಿಲ್ಲ!) ನೀವು ಸ್ಪ್ಯಾನರ್ ಹಾಕಿ ಸಡಿಲಿಸಿದ ಮೇಲೆ ಒಂದೇ ಕೈಗೆ ಸಲೀಸಾಗಿ ತಿರುಗಿತು. ಚಹಾಕ್ಕೆ ಕರೆದರೆ ಹೊತ್ತಾಯಿತೆಂದು ಹೊರಟೇ ಹೋದಿರಿ; ಹೆಸರನ್ನೂ ಕೇಳಲಾಗಲಿಲ್ಲ. ಎಲ್ಲಿದ್ದರೂ ನಿಮಗೆ ಧನ್ಯವಾದ, ಅಣ್ಣಾ.