ಸಿಮ್ಯುಲೇಶನ್‌ನಲ್ಲಿ ಓಡಿದರೆ ಸಾಲದು

ಮಾನ್ಯರೇ,

‘ಮಾಡೆಲ್ ಕಟ್ಟಿದರೆ ಸಾಕು, ಕೋಡ್ ತಾನೇ ಬರುತ್ತದೆ’ ಎಂಬ ಮಾತು ಎಂಬೆಡೆಡ್ ಕಂಟ್ರೋಲ್ (ಯಂತ್ರದೊಳಗಿನ ಚಿಪ್‌ನಿಂದ ಯಂತ್ರವನ್ನು ನಿಯಂತ್ರಿಸುವುದು) ಕುರಿತ ಬರಹಗಳಲ್ಲಿ ಪದೇ ಪದೇ ಕಾಣುತ್ತದೆ. ಮಾಡೆಲ್‌ನಿಂದ, ಅಂದರೆ ಕಂಪ್ಯೂಟರಿನಲ್ಲಿ ರಚಿಸಿದ ಯಂತ್ರ ಮತ್ತು ಕಂಟ್ರೋಲರ್‌ನ ಗಣಿತ ರೂಪದಿಂದ, ಕೋಡ್ ಬರುವುದೇನೋ ನಿಜ. ಆದರೆ ಪರದೆಯ ಮೇಲೆ ಸೊಗಸಾಗಿ ಓಡಿದ ಕಂಟ್ರೋಲರ್ ಚಿಪ್‌ಗೆ ಇಳಿದ ಮೇಲೆ ಎಲ್ಲಿ ಎಡವುತ್ತದೆ ಎಂಬುದನ್ನೂ ವಿದ್ಯಾರ್ಥಿಗಳಿಗೆ ಕಲಿಸಬೇಕು.

ಮೋಟಾರ್ ನಿಯಂತ್ರಣವನ್ನೇ ನೋಡಿ. ಸಿಮ್ಯುಲಿಂಕ್ ಎಂಬ ಸಿಮ್ಯುಲೇಶನ್ ತಂತ್ರಾಂಶದಲ್ಲಿ 64 ಬಿಟ್ ಫ್ಲೋಟಿಂಗ್ ಪಾಯಿಂಟ್ (ಬಿಂದುವಿನ ಸ್ಥಾನ ಬದಲಾಗಬಲ್ಲ, ಹೆಚ್ಚು ನಿಖರ ಸಂಖ್ಯೆ) ಇಟ್ಟುಕೊಂಡು ಪಿಐ ಕಂಟ್ರೋಲರ್ (ಗುರಿಯಿಂದ ಈಗಿರುವ ವ್ಯತ್ಯಾಸವನ್ನೂ ಈವರೆಗಿನ ವ್ಯತ್ಯಾಸಗಳ ಮೊತ್ತವನ್ನೂ ನೋಡಿ ತಿದ್ದುವಂಥದ್ದು) ಟ್ಯೂನ್ ಮಾಡಿದರೆ ಗ್ರಾಫ್ ಚೆನ್ನಾಗಿಯೇ ಬರುತ್ತದೆ. ಚಿಪ್‌ನಲ್ಲಿ 16 ಬಿಟ್ ಫಿಕ್ಸೆಡ್ ಪಾಯಿಂಟ್ (ಬಿಂದುವಿನ ಸ್ಥಾನ ಸ್ಥಿರವಾಗಿರುವ ಸಂಖ್ಯೆ) ಬಳಸಿದಾಗ −1ರಿಂದ 1ರ ವ್ಯಾಪ್ತಿಯಲ್ಲಿ ಅತಿ ಸಣ್ಣ ಹೆಜ್ಜೆ 1/32768, ಅಂದರೆ ಸುಮಾರು 0.00003. ಇಂಟೆಗ್ರಲ್ ಗೇನ್ (ಆ ಮೊತ್ತಕ್ಕೆ ಕೊಡುವ ಗುಣಕ) ಮತ್ತು ಸ್ಯಾಂಪಲ್ ಅವಧಿಯ (ಒಂದು ಲೆಕ್ಕದಿಂದ ಮುಂದಿನದರವರೆಗಿನ ಸಮಯ) ಗುಣಲಬ್ಧ 0.001 ಇದ್ದು, ವೇಗ ಗುರಿಗಿಂತ 0.01ರಷ್ಟು ಕಡಿಮೆ ಇದ್ದರೆ ಪ್ರತಿ ಸಲ ಕೂಡಬೇಕಾದದ್ದು 0.00001. ಅದು ಸೊನ್ನೆಯಾಗಿಬಿಡುತ್ತದೆ, ಆ ಕೊರತೆ ಎಷ್ಟು ಹೊತ್ತಾದರೂ ತುಂಬುವುದಿಲ್ಲ. ಗುಣಲಬ್ಧವನ್ನೂ ಮೊತ್ತ ಹಿಡಿದಿಡುವ ಇಂಟೆಗ್ರೇಟರನ್ನೂ 32 ಬಿಟ್‌ನಲ್ಲಿ ಇಟ್ಟರೆ ತೊಂದರೆ ನೀಗುತ್ತದೆ.

ವಿಳಂಬದ್ದು ಇನ್ನೂ ದೊಡ್ಡ ಪೆಟ್ಟು. ಮೋಟಾರಿನ ವಿದ್ಯುತ್ ಪ್ರವಾಹವನ್ನು ನಿಯಂತ್ರಿಸುವ ಕರೆಂಟ್ ಲೂಪ್ 10 ಕಿಲೋಹರ್ಟ್ಸ್‌ನಲ್ಲಿ ಓಡುವಾಗ, ಈ ಸುತ್ತಿನ ಲೆಕ್ಕ ಮುಂದಿನ ಸುತ್ತಿನಲ್ಲಿ ಪಿಡಬ್ಲ್ಯೂಎಂಗೆ (ವೋಲ್ಟೇಜನ್ನು ಪಲ್ಸ್‌ಗಳ ಅಗಲದಿಂದ ಹೊಂದಿಸುವ ಭಾಗ) ಹೋಗುವುದರಿಂದ, ಪಿಡಬ್ಲ್ಯೂಎಂನದೇ ಸರಾಸರಿ ಅರ್ಧ ಸ್ಯಾಂಪಲ್ ಸೇರಿ, ಒಟ್ಟು ಒಂದೂವರೆ ಸ್ಯಾಂಪಲ್, ಅಂದರೆ 150 ಮೈಕ್ರೋಸೆಕೆಂಡ್ ತಡ. ಕ್ರಾಸ್‌ಓವರ್ (ಲೂಪ್‌ನ ಗೇನ್ ಒಂದಕ್ಕೆ ಇಳಿಯುವ ಆವರ್ತನ) 1 ಕಿಲೋಹರ್ಟ್ಸ್ ಇದ್ದರೆ ಇಷ್ಟಕ್ಕೇ 54 ಡಿಗ್ರಿ ಫೇಸ್ ಕಳೆದುಹೋಗುತ್ತದೆ. ವಿಳಂಬವನ್ನು ಮಾಡೆಲ್‌ಗೆ ಸೇರಿಸದೆ 60 ಡಿಗ್ರಿ ಮಾರ್ಜಿನ್ (ಲೂಪ್ ಅಸ್ಥಿರವಾಗುವ ಮುನ್ನ ಕಳೆದುಕೊಳ್ಳಬಹುದಾದ ಫೇಸ್) ಇದೆ ಎಂದುಕೊಂಡವರ ಕೈಯಲ್ಲಿ ಉಳಿಯುವುದು ಬರೀ 6 ಡಿಗ್ರಿ. ಮೋಟಾರ್ ಚೀರತೊಡಗುವುದು ಆಗಲೇ. ಮೋಟಾರಿನ ಮಾಡೆಲ್ ಕೂಡ ತಣ್ಣಗಿದ್ದಾಗಿನ ಅಳತೆಗೇ ನಿಲ್ಲಬಾರದು: ತಾಮ್ರದ ಸುರುಳಿ ಮೊದಲಿಗಿಂತ 60 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾದರೆ ಅದರ ರೋಧ ಸುಮಾರು ಶೇ 23ರಷ್ಟು ಏರುತ್ತದೆ.

ಆದ್ದರಿಂದ ಪ್ರಯೋಗಾಲಯದ ಅಂಕಗಳು ಸಿಮ್ಯುಲೇಶನ್ ಗ್ರಾಫ್‌ಗೆ ಮುಗಿಯಬಾರದು. ಒಂದೇ ಪರೀಕ್ಷಾ ಇನ್‌ಪುಟ್‌ಗಳನ್ನು ಮೊದಲು ಮಾಡೆಲ್‌ಗೆ, ಬಳಿಕ ಪಿಸಿಯಲ್ಲಿ ಕಂಪೈಲ್ ಮಾಡಿದ ಕೋಡ್‌ಗೆ, ಆಮೇಲೆ ಅಸಲಿ ಪ್ರೊಸೆಸರ್‌ಗೆ ಕೊಟ್ಟು ಔಟ್‌ಪುಟ್‌ಗಳನ್ನು ಹೋಲಿಸಬೇಕು. ಎಷ್ಟು ವ್ಯತ್ಯಾಸ ಒಪ್ಪಿತ ಎಂಬುದನ್ನು ಮೊದಲೇ ಬರೆದಿಡಬೇಕು. ಪ್ರೊಸೆಸರ್ ಹಂತದಲ್ಲಿ ಸ್ಟ್ಯಾಕ್ (ಕೋಡ್ ಓಡುವಾಗ ಬಳಸುವ ತಾತ್ಕಾಲಿಕ ಮೆಮೊರಿ) ಬಳಕೆಯನ್ನೂ ಅತಿ ಕೆಟ್ಟ ಸಂದರ್ಭದ ಸಮಯವನ್ನೂ ಅಳೆಯದಿದ್ದರೆ ಆ ಹಂತಕ್ಕೆ ಅರ್ಥವಿಲ್ಲ. ಕೊನೆಗೆ ಹಾರ್ಡ್‌ವೇರ್-ಇನ್-ದ-ಲೂಪ್‌ನಲ್ಲಿ (ಅಸಲಿ ಕಂಟ್ರೋಲರನ್ನು ಸಿಮ್ಯುಲೇಟ್ ಮಾಡಿದ ಯಂತ್ರಕ್ಕೆ ಜೋಡಿಸಿ ಪರೀಕ್ಷಿಸುವುದು) ಸೆನ್ಸರ್ ತಂತಿ ಕಡಿದಂತೆ, ಶಾರ್ಟ್ ಆದಂತೆ, ಪೂರೈಕೆ ವೋಲ್ಟೇಜ್ ಕುಸಿದಂತೆ ಮಾಡಿ ನೋಡಬೇಕು. 1996ರಲ್ಲಿ ಏರಿಯನ್ 5 ರಾಕೆಟ್ ನಾಶವಾದದ್ದು 64 ಬಿಟ್ ಸಂಖ್ಯೆಯನ್ನು 16 ಬಿಟ್‌ಗೆ ಇಳಿಸುವಾಗಿನ ಓವರ್‌ಫ್ಲೋದಿಂದ (ಸಂಖ್ಯೆ 16 ಬಿಟ್‌ನಲ್ಲಿ ಹಿಡಿಸದೆ ಹೋದದ್ದರಿಂದ). ಅದೇ ಭಾಗವನ್ನು ಹೊಸ ಹಾರಾಟ ಪಥದ ದತ್ತಾಂಶ ಕೊಟ್ಟು ಪರೀಕ್ಷಿಸಿರಲಿಲ್ಲ.

ಇನ್ನೊಂದು ಶಿಸ್ತನ್ನು ಮೊದಲ ದಿನದಿಂದಲೇ ರೂಢಿಸಬೇಕು. ದೋಷ ಸಿಕ್ಕಾಗ ಜನರೇಟ್ ಆದ ಸಿ ಕೋಡ್‌ಗೆ ಕೈಹಾಕದೆ ಮಾಡೆಲ್‌ನಲ್ಲೇ ತಿದ್ದಬೇಕು. ಇಲ್ಲವಾದರೆ ಮುಂದಿನ ಸಲ ಕೋಡ್ ಜನರೇಟ್ ಮಾಡಿದಾಗ ಆ ತಿದ್ದುಪಡಿ ಅಳಿಸಿಹೋಗಿ, ಹಳೆಯ ದೋಷ ಮರಳಿ ಚಿಪ್ ಸೇರುತ್ತದೆ.

– ಕಂಟ್ರೋಲ್ ಸಾಫ್ಟ್‌ವೇರ್ ಎಂಜಿನಿಯರ್