ಬಿರುಕಿಗೆ ಡಾಂಬರು ಸುರಿದದ್ದು ದಂಡವಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಸಿಟ್ಟಿನಿಂದ ಒಂದು ಪ್ರಶ್ನೆ ಕೇಳಿದ್ದರು. ಚೆನ್ನಾಗಿರುವ ರಸ್ತೆಯ ಬಿರುಕುಗಳಿಗೆ ಕಪ್ಪು ಡಾಂಬರು ಸುರಿಯುತ್ತಾ ಕೂತಿದ್ದಾರೆ, ಪಕ್ಕದ ರಸ್ತೆ ತುಂಬಾ ಗುಂಡಿ ಬಿದ್ದಿದ್ದರೂ ಅತ್ತ ತಿರುಗಿ ನೋಡುವವರಿಲ್ಲ, ಇದ್ಯಾವ ನ್ಯಾಯ ಅಂತ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ 31 ವರ್ಷ ರಸ್ತೆ ಕೆಲಸದ ಮೇಲ್ವಿಚಾರಣೆ ಮಾಡಿದವನು ನಾನು. ಆ ಕಪ್ಪು ಗೀರುಗಳನ್ನು ಎಳೆದವರು ಬೇಕಾದ ಕೆಲಸವನ್ನೇ ಮಾಡಿದ್ದಾರೆ ಅಂತ ಹೇಳಲೇಬೇಕು ಅನ್ನಿಸಿತು.

ಡಾಂಬರು ರಸ್ತೆ ಅಂದರೆ ಬಹುಪಾಲು ಕಲ್ಲೇ. 100 ಕೆಜಿ ಮಿಶ್ರಣದಲ್ಲಿ ಬಿಟುಮೆನ್ ಎಂಬ ಕಪ್ಪು ಅಂಟು ಇರುವುದು ಸುಮಾರು 5 ಕೆಜಿ. ಉಳಿದದ್ದೆಲ್ಲ ಜಲ್ಲಿ, ಮರಳು, ಕಲ್ಲಿನ ಪುಡಿ. ಅಷ್ಟು ಕಲ್ಲನ್ನು ಹಿಡಿದಿಟ್ಟುಕೊಳ್ಳುವುದು ಆ ಐದು ಕೆಜಿ ಅಂಟು. ಗಾಳಿ ಬಿಸಿಲು ತಾಗಿ ಅದು ವರ್ಷದಿಂದ ವರ್ಷಕ್ಕೆ ಪೆಡಸಾಗುತ್ತದೆ. ಕಪ್ಪಗಿದ್ದ ರಸ್ತೆ ಬೂದು ಬಣ್ಣಕ್ಕೆ ತಿರುಗುತ್ತದೆ. ಮೊದಲು ಸಣ್ಣ ಪುಡಿ ಉದುರುತ್ತದೆ, ಆಮೇಲೆ ಜಲ್ಲಿಯ ತಲೆ ಕಾಣುತ್ತದೆ, ಆಮೇಲೆ ಕೂದಲೆಳೆಯಂಥ ಬಿರುಕು ಬರುತ್ತದೆ. ಇಲ್ಲಿಯವರೆಗೆ ಸಾಮಾನ್ಯವಾಗಿ ಸವೆದಿರುವುದು ಚರ್ಮ ಮಾತ್ರ, ಒಳಗಿನ ಮೂಳೆ ಇನ್ನೂ ಗಟ್ಟಿಯಾಗಿರುತ್ತದೆ. ರಸ್ತೆಯನ್ನು ಕಡಿಮೆ ಕೆಲಸದಲ್ಲಿ ಉಳಿಸಿಕೊಳ್ಳಬಹುದಾದ ಕಾಲ ಇದು. ಆದರೆ ನೋಡುವವರ ಕಣ್ಣಿಗೆ ರಸ್ತೆ ಚೆನ್ನಾಗಿಯೇ ಇರುತ್ತದೆ, ಆದ್ದರಿಂದ ಯಾರೂ ಕೈ ಹಾಕುವುದಿಲ್ಲ.

ಬಿರುಕಿನಿಂದ ನೀರು ಇಳಿದ ಮೇಲೆ ಕಥೆಯೇ ಬೇರೆ. ಡಾಂಬರಿನ ಕೆಳಗೆ ಒತ್ತಿ ಕೂರಿಸಿದ ಜಲ್ಲಿಯ ಪದರ, ಅದರ ಕೆಳಗೆ ಮಣ್ಣು. ನೀರು ಕುಡಿದ ಮಣ್ಣಿನ ಭಾರ ಹೊರುವ ಶಕ್ತಿ ಕುಗ್ಗುತ್ತದೆ. ಲಾರಿಯೊಂದು ಮೇಲೆ ಹಾದರೆ ಒಳಗಿನ ನೀರು ಒತ್ತಡಕ್ಕೆ ಸಿಕ್ಕಿ, ನುಣ್ಣನೆಯ ಮಣ್ಣನ್ನೂ ಕರೆದುಕೊಂಡು ಬಿರುಕಿನಿಂದ ಮೇಲಕ್ಕೆ ಚಿಮ್ಮುತ್ತದೆ. ಹಾಗೆ ಕೆಳಗೆ ಟೊಳ್ಳು ಬೆಳೆಯುತ್ತಾ ಹೋಗುತ್ತದೆ. ಭಾರದ ವಿಷಯ ಬಂದಾಗ ನಾವು 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದ ರಸ್ತೆ ಪರೀಕ್ಷೆಯ ಲೆಕ್ಕವನ್ನು ನೆನೆಯುತ್ತಿದ್ದೆವು. ವಾಹನದ ಚಕ್ರಗಳ ಅಚ್ಚಿನ (ಆಕ್ಸಲ್) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಪೆಟ್ಟು ಸುಮಾರು 16 ಪಟ್ಟು. ಗಟ್ಟಿ ಬುನಾದಿಯೇ ಇದನ್ನು ತಡೆಯಲು ಕಷ್ಟಪಡುತ್ತದೆ, ಒದ್ದೆ ಬುನಾದಿ ತಡೆದೀತೆ?

ಹಾಗಾಗಿ ನಿರ್ವಹಣೆಯೋ ದುರಸ್ತಿಯೋ ಅಂತ ತೀರ್ಮಾನಿಸುವ ಮುಂಚೆ ನಾನು ಕೇಳುವ ಪ್ರಶ್ನೆ ಒಂದೇ: ನೀರು ಎಲ್ಲಿಯವರೆಗೆ ಹೋಗಿದೆ?

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ನನ್ನ ಕೈಗೆ ಬಂದ ರಸ್ತೆಯೊಂದರಲ್ಲಿ ಚಕ್ರ ಹಾಯುವ ಜಾಡಿನುದ್ದಕ್ಕೂ ಮೊಸಳೆ ಚರ್ಮದ ಹಾಗೆ ಬಿರುಕು ಬಿಟ್ಟಿತ್ತು. ಸಣ್ಣ ಸಣ್ಣ ಚೂರುಗಳು, ಒಂದಕ್ಕೊಂದು ಹೆಣೆದುಕೊಂಡಂತೆ. ಕೋರ್ ತೆಗೆದು, ಅಂದರೆ ರಸ್ತೆಯನ್ನು ಕೊರೆದು ಮಾದರಿ ತೆಗೆದು, ಒಳಗೆ ನೋಡೋಣ ಅಂದೆ. ಸಮಯವಿಲ್ಲ, ಮೇಲೆ 40 ಮಿಲಿಮೀಟರ್ ಹೊಸ ಪದರ ಹಾಕಿ ಮುಗಿಸಿ ಅಂತ ಮೇಲಿನವರು ಹೇಳಿದರು. ನಾನೂ ಒಪ್ಪಿಕೊಂಡೆ. ಹಾಕಿದ ದಿನ ರಸ್ತೆ ಕನ್ನಡಿಯ ಹಾಗಿತ್ತು, ಜನ ನಿಲ್ಲಿಸಿ ಶಹಬ್ಬಾಸ್ ಅಂದರು. ಒಂದೇ ಮಳೆಗಾಲ ಕಳೆದಿದ್ದು, ಹೊಸ ಡಾಂಬರಿನ ಮೇಲೆ ಹಳೆಯ ಬಿರುಕಿನದೇ ಚಿತ್ರ ಮೂಡಿತ್ತು. ಎಷ್ಟನೇ ಮೀಟರಿನಲ್ಲಿ ಎಂಥ ಬಿರುಕು ಅಂತ ಮೊದಲೇ ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಅದನ್ನು ಹಿಡಿದು ನಡೆದರೆ ಅದೇ ಜಾಗ, ಅದೇ ಬಿರುಕು. ಕೊನೆಗೆ ಅಗೆಸಿದಾಗ ಕೆಳಗಿನ ಪದರಕ್ಕೆ ಹಾರೆ ಸಲೀಸಾಗಿ ಇಳಿಯಿತು. ಪಕ್ಕದ ಚರಂಡಿ ಹೂಳು ತುಂಬಿ, ನೀರು ರಸ್ತೆಯ ಅಡಿಗೇ ನುಗ್ಗುತ್ತಿತ್ತು. ಚರಂಡಿಯನ್ನು ನಾವ್ಯಾರೂ ಬಗ್ಗಿ ನೋಡಿರಲಿಲ್ಲ. ಅಷ್ಟು ಹಣ, ಅಷ್ಟು ಜನರ ಬೆವರು ಗೆದ್ದಲು ತಿಂದ ಕಂಬಕ್ಕೆ ಬಣ್ಣ ಬಳಿದ ಹಾಗಾಯಿತು. ಇವತ್ತಿಗೂ ಅದನ್ನು ನೆನೆದರೆ ಸಂಕಟವಾಗುತ್ತದೆ.

ಮೊಸಳೆ ಚರ್ಮ ಕಂಡರೆ ಅದು ಬುನಾದಿಯ ದೂರು ಅಂತಲೇ ಮೊದಲು ಅನುಮಾನಿಸಬೇಕು. ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ಇದ್ದರೆ, ಅಷ್ಟು ಜಾಗವನ್ನು ಚೌಕವಾಗಿ ಕತ್ತರಿಸಿ, ಗಟ್ಟಿ ನೆಲ ಸಿಗುವವರೆಗೆ ತೆಗೆದು ತುಂಬಬೇಕು. ಉಳಿದ ರಸ್ತೆಗೆ ಬಿರುಕು ಮುಚ್ಚುವ ಕೆಲಸ ಸಾಕು. ಜಾಡಿನುದ್ದಕ್ಕೂ ಹಬ್ಬಿದ್ದರೆ ಅಗೆಯದೆ ಬೇರೆ ದಾರಿ ಇಲ್ಲ. ಸ್ಲರಿ ಸೀಲ್, ಮೈಕ್ರೋ ಸರ್ಫೇಸಿಂಗ್‌ನಂಥ ತೆಳು ಲೇಪನಗಳು ನೀರನ್ನು ತಡೆಯುತ್ತವೆ, ಸವೆದ ಮೈಗೆ ಹಿಡಿತ ಕೊಡುತ್ತವೆ. ಆದರೆ ರಸ್ತೆಗೆ ಬಲ ಕೊಡುವುದಿಲ್ಲ. ಅದನ್ನು ಅವುಗಳಿಂದ ಕೇಳಲೂಬಾರದು.

ಬಿರುಕು ಮುಚ್ಚುವುದೂ ಸುಮ್ನೆ ಸುರಿದು ಹೋಗುವ ಕೆಲಸವಲ್ಲ. ಒಳಗಿನ ದೂಳು, ಹುಲ್ಲು, ಕಡ್ಡಿಯನ್ನೆಲ್ಲ ಕಂಪ್ರೆಸರ್ ಗಾಳಿಯಿಂದ ಊದಿ ತೆಗೆಯಬೇಕು. ಬಿರುಕು ಪೂರ್ತಿ ಒಣಗಿರಬೇಕು, ಒದ್ದೆ ಇದ್ದರೆ ಕಾಯಿಸಿದ ಸೀಲಂಟ್ (ಬಿರುಕು ಮುಚ್ಚುವ ಅಂಟು) ಅಂಟುವುದೇ ಇಲ್ಲ. ಸುಮಾರು 3 ಮಿಲಿಮೀಟರಿಗಿಂತ ಸಣ್ಣ ಬಿರುಕಿನೊಳಗೆ ಅದು ಸರಿಯಾಗಿ ಇಳಿಯುವುದಿಲ್ಲ, ಅಂಥ ಕಡೆ ಮೇಲಿನ ಲೇಪನವೇ ವಾಸಿ. ಬೆರಳು ಹೋಗುವಷ್ಟು ಅಗಲವಾದ ಬಿರುಕುಗಳಿಗೆ ಬೇರೆಯೇ ವಿಚಾರ ಮಾಡಬೇಕು. ಓದುಗರು ಕಂಡ ಕೆಲಸದಲ್ಲಿ ಮೊದಲು ಊದಿ ಶುಚಿ ಮಾಡಿದ್ದರಾ ಇಲ್ಲವಾ, ಅದನ್ನು ಕೇಳಬೇಕಿತ್ತು.

ಇನ್ನು ಆ ಗುಂಡಿಗಳ ರಸ್ತೆ. ಅದನ್ನು ಹಾಗೇ ಬಿಡಿ ಅಂತ ನಾನು ಖಂಡಿತ ಹೇಳುತ್ತಿಲ್ಲ. ಮಳೆನೀರು ತುಂಬಿದ ಗುಂಡಿಯ ಆಳ ಸ್ಕೂಟರಿನಲ್ಲಿ ಬರುವವರಿಗೆ ಕಾಣುವುದಿಲ್ಲ. ಪ್ರಾಣದ ವಿಷಯ ಅದು, ಇವತ್ತೇ ತುಂಬಬೇಕು. ಆದರೆ ನೀರಿನ ಮೇಲೇ ಮಿಶ್ರಣ ಎಸೆದು, ಸಲಿಕೆಯಿಂದ ಎರಡು ಬಡಿದು ಹೋಗುವುದನ್ನು ದುರಸ್ತಿ ಅನ್ನಬೇಡಿ, ದುರಸ್ತಿ ಆಗುವವರೆಗಿನ ತಾತ್ಕಾಲಿಕ ತೇಪೆ ಅನ್ನಿ. ನಿಜವಾದ ತೇಪೆಗೆ ಸಡಿಲ ಚೂರುಗಳನ್ನೆಲ್ಲ ತೆಗೆಯಬೇಕು, ತಳಕ್ಕೂ ಅಂಚಿಗೂ ಟ್ಯಾಕ್ ಕೋಟ್ ಎಂಬ ತೆಳುವಾದ ಅಂಟು ಲೇಪನ ಹಚ್ಚಬೇಕು, ಆಳ ಜಾಸ್ತಿ ಇದ್ದರೆ ಪದರ ಪದರವಾಗಿ ತುಂಬಿ ಒತ್ತಬೇಕು. ಬಿಸಿ ಮಿಶ್ರಣ ಆರಿಹೋದ ಮೇಲೆ ಎಷ್ಟು ರೋಲರ್ ಓಡಿಸಿದರೂ ಕೂರುವುದಿಲ್ಲ. ಒಳಗೆ ಉಳಿದ ಸಂದುಗಳಿಂದ ಮತ್ತೆ ನೀರು ಇಳಿಯುತ್ತದೆ.

ಕೈಲಿರುವ ಹಣವನ್ನೆಲ್ಲ ಅತಿ ಕೆಟ್ಟ ರಸ್ತೆಗೇ ಮೊದಲು ಹಾಕುವುದು ನ್ಯಾಯ ಅಂತ ಕಾಣುತ್ತದೆ, ಅಲ್ವಾ? ಆದರೆ ಅಡಿಯಿಂದ ಕಟ್ಟುವ ಕೆಲಸಕ್ಕೆ ಹಣ ತುಂಬಾ ಬೇಕು, ಸಾಗುವ ದೂರ ಕಡಿಮೆ. ಅದು ಮುಗಿಯುವಷ್ಟರಲ್ಲಿ ಬಿರುಕು ಮುಚ್ಚಿದ್ದರೆ ಉಳಿಯುತ್ತಿದ್ದ ಎಷ್ಟೋ ರಸ್ತೆಗಳು ಕೆಟ್ಟವುಗಳ ಸಾಲಿಗೆ ಸೇರಿರುತ್ತವೆ. ನನ್ನ ಕೋರಿಕೆ ಇಷ್ಟೇ: ನಿರ್ವಹಣೆಯ ಹಣವನ್ನೂ ದುರಸ್ತಿಯ ಹಣವನ್ನೂ ಬೇರೆ ಬೇರೆ ಇಡಿ, ಒಂದಕ್ಕಾಗಿ ಇನ್ನೊಂದನ್ನು ಕಬಳಿಸಬೇಡಿ.

ಪ್ರಶ್ನೆ ಕೇಳಿದ ಓದುಗರಲ್ಲಿ ಒಂದು ವಿನಂತಿ. ಮುಂದಿನ ಸಲ ಮಳೆ ನಿಂತು ಒಂದೆರಡು ಗಂಟೆಯಾದ ಮೇಲೆ ಎರಡೂ ರಸ್ತೆಗಳಲ್ಲಿ ನಡೆದು ನೋಡಿ. ಮೈ ಒಣಗಿದ ಮೇಲೂ ಎಲ್ಲಿ ಬಿರುಕು ಒದ್ದೆಯಾಗಿದೆ, ಎಲ್ಲಿ ಅದರ ಅಂಚಿನಲ್ಲಿ ಕೆಸರಿನ ಕಲೆ ಇದೆ, ಚರಂಡಿಯಲ್ಲಿ ನೀರು ಹರಿಯುತ್ತಿದೆಯೋ ನಿಂತಿದೆಯೋ ಗುರುತು ಮಾಡಿಕೊಳ್ಳಿ. ಕಪ್ಪು ಗೀರು ಎಳೆದ ರಸ್ತೆಯಲ್ಲೂ ಚಕ್ರದ ಜಾಡಿನಲ್ಲಿ ಕೆಸರು ಕಂಡರೆ, ಅಲ್ಲಿ ಅಗೆಯಬೇಕಾದ ಕಡೆ ಬರೀ ಬಳಿದಿದ್ದಾರೆ ಅಂತ ಅರ್ಥ. ಆಗ ಇನ್ನೊಂದು ಪತ್ರ ಬರೆಯಿರಿ. ಅದಕ್ಕೆ ನಾನೂ ಸಹಿ ಹಾಕುತ್ತೇನೆ.

ಇಂತಿ,
ನಿವೃತ್ತ ರಸ್ತೆ ಕಾಮಗಾರಿ ಮೇಲ್ವಿಚಾರಕ