ದನಿಗಳು ಆರುವ ಮುನ್ನ: ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಹುಬ್ಬಳ್ಳಿ ಸೀಮೆಯವನು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದ್ದೇನೆ. 2026ರ ನವೆಂಬರ್ 1ಕ್ಕೆ ನಾಡು ಒಂದಾಗಿ 70 ವರ್ಷ. ಆ ದಿನದ ಮೆರವಣಿಗೆ, ಸನ್ಮಾನಗಳ ಬಗ್ಗೆ ನನ್ನ ತಕರಾರಿಲ್ಲ. ನಾನು ಕೇಳುವುದು ಬೇರೆ.

ನಮ್ಮ ಅಜ್ಜಿ ಹುಬ್ಬಳ್ಳಿ ಹತ್ತಿರದ ಅದರಗುಂಚಿ ಊರಿನ ಮಾತು ತೆಗೆದರೆ ಬೇಗ ನಿಲ್ಲಿಸುತ್ತಿರಲಿಲ್ಲ. 1953ರ ಮಾರ್ಚ್ 28ರಂದು ಅಲ್ಲಿ ಶಂಕರಗೌಡ ಪಾಟೀಲರು ಕರ್ನಾಟಕ ಪ್ರಾಂತಕ್ಕಾಗಿ ಆಮರಣ ಉಪವಾಸಕ್ಕೆ ಕೂತರು. ತೆಲುಗರ ಪ್ರತ್ಯೇಕ ರಾಜ್ಯಕ್ಕಾಗಿ ಉಪವಾಸ ಕೂತ ಪೊಟ್ಟಿ ಶ್ರೀರಾಮುಲು ಅವರು ಪ್ರಾಣ ಕೊಟ್ಟ ಮೇಲೆ ಆಂಧ್ರಕ್ಕೆ ದಾರಿ ತೆರೆದಿತ್ತು, ಕರ್ನಾಟಕದ ಮಾತು ಮಾತ್ರ ಹಾಗೇ ಉಳಿದಿತ್ತು. ಉಪವಾಸ 23 ದಿನ ನಡೆಯಿತು. ಏಪ್ರಿಲ್ 19ರಂದು ಹುಬ್ಬಳ್ಳಿಯಲ್ಲಿ ಪ್ರಾಂತ ಕಾಂಗ್ರೆಸ್ ಸಭೆ ಸೇರಿದಾಗ ಜನರ ಸಿಟ್ಟು ಕಟ್ಟೆಯೊಡೆಯಿತು, ಊರೆಲ್ಲ ಗಲಭೆ. ‘ಚಕ್ಕಡಿ ಹೂಡಿಕೊಂಡು ಗೌಡರನ್ನ ನೋಡಾಕ ಹೋಗಿದ್ವಿ, ಅಷ್ಟು ಮಂದ್ಯಾಗ ಒಬ್ಬರೂ ಜೋರಾಗಿ ಮಾತಾಡ್ತಿರಲಿಲ್ಲ’ ಎನ್ನುತ್ತಿದ್ದಳು ಅಜ್ಜಿ. ಆ ಮಾತನ್ನು ನಾನು ಧ್ವನಿಮುದ್ರಿಸಿಕೊಳ್ಳಲಿಲ್ಲ. ಇತಿಹಾಸದ ಮೇಷ್ಟ್ರಾಗಿಯೂ ಅದು ನನಗೆ ಹೊಳೆಯಲಿಲ್ಲ. ಅವಳು ಹೋಗಿ ಹತ್ತು ವರ್ಷವಾಯಿತು.

1953ರಲ್ಲಿ ಹತ್ತು ವರ್ಷದ ಮಕ್ಕಳಾಗಿದ್ದವರಿಗೆ ಈಗ ಎಂಬತ್ತು ದಾಟಿದೆ. ಅವರ ಮನೆಬಾಗಿಲಿಗೆ ಹೋಗಿ, ಅವರವರ ಊರ ಮಾತಿನಲ್ಲೇ ನೆನಪುಗಳನ್ನು ದಾಖಲಿಸುವ ಕೆಲಸವನ್ನು ಇಲಾಖೆ ಈ ವರ್ಷವೇ ಶುರುಮಾಡಬೇಕು. ನಾನು ಬೇಡುವುದು ಇಷ್ಟನ್ನೇ. ಕಟ್ಟಡವನ್ನು ಮುಂದಿನ ವರ್ಷವೂ ಕಟ್ಟಬಹುದು, ಈ ಕೆಲಸ ಅಲ್ಲಿಯ ತನಕ ಕಾಯುವುದಿಲ್ಲ.

ಬಳ್ಳಾರಿಗೂ ಹೋಗಬೇಕು. ಮದರಾಸು ರಾಜ್ಯದಲ್ಲಿದ್ದ ಆ ಜಿಲ್ಲೆಯನ್ನು ಹಂಚಿದಾಗ ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಉಳಿದದ್ದು 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿತು. ಆ ಸಂಭ್ರಮಕ್ಕೆ ಹಾಕಿದ್ದ ಚಪ್ಪರ ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ದಾಳಿಗೆ ಬಲಿಯಾದರು. ಕನ್ನಡಕ್ಕಾಗಿ ಜೀವ ಕೊಟ್ಟ ಈ ಬಡ ಮನುಷ್ಯನ ಹೆಸರು ನನ್ನ ಎಷ್ಟೋ ವಿದ್ಯಾರ್ಥಿಗಳಿಗೆ ಗೊತ್ತಿರಲಿಲ್ಲ. ತಪ್ಪು ಅವರದಲ್ಲ, ನಮ್ಮದು.

ಕಲಬುರಗಿ, ರಾಯಚೂರು, ಬೀದರಿನ ಹಿರಿಯರ ಕಥೆಯೇ ಬೇರೆ. ನಿಜಾಮರ ಆಳ್ವಿಕೆಯಲ್ಲಿದ್ದ ಆ ಸೀಮೆಗೆ ಸ್ವಾತಂತ್ರ್ಯ ಬಂದದ್ದು 1948ರ ಸೆಪ್ಟೆಂಬರ್ 17ಕ್ಕೆ, ನಮಗಿಂತ ಹದಿಮೂರು ತಿಂಗಳು ತಡವಾಗಿ. ಶಾಲೆಯಲ್ಲಿ ಉರ್ದು, ಮನೆಯಲ್ಲಿ ಕನ್ನಡ ಎಂದು ಬೆಳೆದವರು ಅವರು. ಹಳೆ ಮೈಸೂರಿನವರನ್ನೂ ಬಿಡಬಾರದು. ಏಕೀಕರಣ ಬೇಡ ಎಂದವರೂ ಅಲ್ಲಿದ್ದರು. ತಮ್ಮ ಸಂಸ್ಥಾನದ ನೀರು, ವಿದ್ಯುತ್ತು, ಬೊಕ್ಕಸ ಹಂಚಿಹೋದಾವು ಎಂಬ ಅಂಜಿಕೆ ಅವರದು. ಆ ಅಂಜಿಕೆಯನ್ನೂ ಅವರ ಬಾಯಿಂದಲೇ ಕೇಳಬೇಕು. ಬರೀ ಜಯಕಾರವನ್ನೇ ದಾಖಲಿಸಿದರೆ ಅದು ಇತಿಹಾಸವಾಗುವುದಿಲ್ಲ.

1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು, ಆಲೂರು ವೆಂಕಟರಾಯರು ಊರೂರು ತಿರುಗಿದ್ದು, ರಾಜ್ಯಗಳ ಪುನರ್ವಿಂಗಡಣೆಗೆ ನೇಮಿಸಿದ್ದ ಫಜಲ್ ಅಲಿ ಆಯೋಗದ ವರದಿ, 1973ರಲ್ಲಿ ದೇವರಾಜ ಅರಸರ ಕಾಲಕ್ಕೆ ಮೈಸೂರು ರಾಜ್ಯ ಕರ್ನಾಟಕವಾದದ್ದು, ಇವೆಲ್ಲ ಪುಸ್ತಕಗಳಲ್ಲಿವೆ. ಚಕ್ಕಡಿಯಲ್ಲಿ ಹೋದವರು ಯಾವ ಪುಸ್ತಕದಲ್ಲೂ ಇಲ್ಲ.

ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಪ್ರತಿ ತಾಲ್ಲೂಕಿನಲ್ಲಿ ಕಾಲೇಜಿನ ನಾಲ್ಕು ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟರೆ ಸಾಕು, ಕೈಯಲ್ಲಿ ಮೊಬೈಲು ಇದ್ದೇ ಇದೆ. ಆದರೆ ಧ್ವನಿಮುದ್ರಣಗಳು ಯಾರದೋ ಫೋನಿನಲ್ಲಿ ಕಳೆದುಹೋಗದೆ ರಾಜ್ಯ ಪತ್ರಾಗಾರಕ್ಕೆ ಸೇರಬೇಕು, ಯಾರು ಬೇಕಾದರೂ ಕೇಳುವಂತಿರಬೇಕು. ಆಮೇಲೆ ಆ ಮಾತುಗಳಿಂದಲೇ ಎರಡು ಸಾಲು ಆರಿಸಿ ಆಯಾ ಊರಿನ ಬಸ್ ನಿಲ್ದಾಣದ ಹತ್ತಿರ ಒಂದು ಕಲ್ಲಿನಲ್ಲಿ ಕೆತ್ತಿಸಿ.

ನನ್ನ ಸುತ್ತಮುತ್ತ ಆ ದಿನಗಳನ್ನು ಕಂಡ ಮೂವರು ಹಿರಿಯರಿದ್ದಾರೆ. ಒಬ್ಬರಿಗೆ ಕಿವಿ ಮಂದ, ಇನ್ನೊಬ್ಬರು ಹಾಸಿಗೆ ಹಿಡಿದಿದ್ದಾರೆ. ಇಲಾಖೆಯಿಂದ ಯಾರಾದರೂ ಬಂದರೆ ಮೂವರ ಮನೆಗೂ ನಾನೇ ಕರೆದೊಯ್ಯುತ್ತೇನೆ. ದಯವಿಟ್ಟು ದೀಪಾವಳಿಯ ಒಳಗೆ ಕಳಿಸಿ.

ಇತಿ,
ಹುಬ್ಬಳ್ಳಿ ಸೀಮೆಯ ಒಬ್ಬ ನಿವೃತ್ತ ಶಿಕ್ಷಕ